ರಾತ್ರಿ ಎರಡೂವರೆಗೆ ಯಾರು ಎಚ್ಚರ ಇರುತ್ತಾರೆ?

ಪ್ರಶ್ನೆ: ನನ್ನ ಆಯಿಗೆ 79 ವರ್ಷ. ಊರು ಶಿರಸಿ ಹತ್ತಿರದ ಹಳ್ಳಿ. ಕಳೆದ ದೀಪಾವಳಿ ಹೊತ್ತಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸೋತಿದೆ. ಮಾತು ತೊದಲುತ್ತದೆ, ಆದರೆ ಎಲ್ಲ ಅರ್ಥ ಆಗುತ್ತದೆ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾಳೆ. ಬಿ.ಪಿ., ಶುಗರ್‌ಗೆ ಮಾತ್ರೆ ಇದೆ. ನೀರು ಕುಡಿಯುವಾಗ ಕೆಮ್ಮು ಬರುತ್ತದೆ. ಅಪ್ಪ ಇಲ್ಲ. ನಾನೊಬ್ಬನೇ ಮಗ, ಬೆಂಗಳೂರಲ್ಲಿ ಕೆಲಸ. ಮನೆಗೆ ಇಟ್ಟ ಹೋಂ ನರ್ಸ್ ಮೂರು ತಿಂಗಳಲ್ಲಿ ಮೂವರು ಬದಲಾದರು. ಈಗ ಎರಡು ವೃದ್ಧಾಶ್ರಮ ನೋಡಿ ಬಂದಿದ್ದೇನೆ. ಒಂದು ಘಟ್ಟದ ಕೆಳಗೆ, ಕುಮಟಾ ಕಡೆ. ಹೊಸ ಕಟ್ಟಡ, ಸಿಸಿ ಕ್ಯಾಮೆರಾ, ಲಿಫ್ಟ್ ಎಲ್ಲ ಇದೆ. 32 ಜನ ಇದ್ದಾರೆ, ಅವರಲ್ಲಿ ಹತ್ತು ಮಂದಿ ಹಾಸಿಗೆ ಹಿಡಿದವರು. ಇಬ್ಬರು ನರ್ಸ್, ನಾಲ್ವರು ಆಯಾಗಳು. ‘24 ಗಂಟೆ ನರ್ಸ್ ಸೌಲಭ್ಯ’ ಎಂದು ಬೋರ್ಡಲ್ಲೇ ಬರೆದಿದ್ದಾರೆ. ತಿಂಗಳಿಗೆ 30,000. ಇನ್ನೊಂದು ಶಿರಸಿ ಕಡೆ. ಹಂಚಿನ ಹಳೇ ಮನೆ, 14 ಜನ, ಹಾಸಿಗೆ ಹಿಡಿದವರು ಮೂವರು. ನರ್ಸ್ ಒಬ್ಬರೇ, ಅದೂ ಹಗಲು ಮಾತ್ರ. ಆಯಾಗಳು ನಾಲ್ವರು. 22,000. ಯಾವುದು ಒಳ್ಳೆಯದು? ನೋಡಿ ಹೇಗೆ ಗೊತ್ತು ಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಖುಷಿಯಾಗಿದ್ದು ಒಂದು ವಿಷಯ. ನೀವು ಜನರನ್ನು ಎಣಿಸಿಕೊಂಡು ಬಂದಿದ್ದೀರಿ. ಹೆಚ್ಚಿನವರು ಟೈಲ್ಸ್ ನೋಡಿ ಬರುತ್ತಾರೆ, ಬಾತ್‌ರೂಮ್ ಫೋಟೋ ತೆಗೆದುಕೊಂಡು ಬರುತ್ತಾರೆ, ಊಟದ ಮೆನು ಕೇಳಿ ಬರುತ್ತಾರೆ. ನಾನು 31 ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೂ, ಇಂಥ ಸುಮಾರು ಮನೆಗಳಿಗೆ ಹೋಗಿ ಅಲ್ಲಿನ ಆಯಾಗಳಿಗೆ ಕೆಲಸ ಕಲಿಸಿಕೊಟ್ಟಿದ್ದೇನೆ. ಹಾಗಾಗಿ ಟೈಲ್ಸ್ ವಿಷಯ ಬಿಡೋಣ, ಕೈಗಳ ವಿಷಯ ಮಾತಾಡೋಣ.

ಮೊದಲು ‘24 ಗಂಟೆ ನರ್ಸ್’ ಅನ್ನುವ ಬೋರ್ಡು. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ಕೆಲಸ ಮಾಡಿದರೆ ಒಂದೇ ಒಂದು ಕುರ್ಚಿಯನ್ನು ಹಗಲೂ ರಾತ್ರಿ ತುಂಬಲು ಮೂರೂವರೆ ಜನ ಬೇಕು. ರಜೆ, ಜ್ವರ, ಊರ ಜಾತ್ರೆ ಎಲ್ಲ ಸೇರಿಸಿದರೆ ನಾಲ್ಕಕ್ಕಿಂತ ಜಾಸ್ತಿ. ಕುಮಟಾ ಕಡೆಯವರ ಹತ್ತಿರ ಇರುವುದು ಇಬ್ಬರು. ಇಬ್ಬರೇ ಅದನ್ನು ತುಂಬಬೇಕಾದರೆ ಒಬ್ಬೊಬ್ಬರು ವಾರಕ್ಕೆ 84 ಗಂಟೆ ದುಡಿಯಬೇಕು, ಒಂದು ದಿನವೂ ರಜೆ ಇಲ್ಲದೆ. ಅದು ಆಗುವ ಮಾತಲ್ಲ. ಹಾಗಾದರೆ ಆ ಬೋರ್ಡಿನ ಅರ್ಥ ಏನು? ಒಂದೋ ನರ್ಸ್ ಅಲ್ಲೇ ಮಹಡಿ ಮೇಲೆ ಮಲಗಿರುತ್ತಾಳೆ, ಕರೆದರೆ ಬರುತ್ತಾಳೆ. ಇಲ್ಲಾ ರಾತ್ರಿ ಇರುವವರು ನರ್ಸ್ ಅಲ್ಲ.

ಎರಡನೆಯದೇ ಜಾಸ್ತಿ. ನಮ್ಮಲ್ಲಿ ‘ನರ್ಸ್’ ಅನ್ನುವ ಶಬ್ದ ತುಂಬಾ ಸಡಿಲ ಆಗಿಬಿಟ್ಟಿದೆ. ನಿಮ್ಮ ಮನೆಗೆ ಬಂದ ಮೂವರು ಹೋಂ ನರ್ಸ್‌ಗಳಲ್ಲಿ ಒಬ್ಬರಾದರೂ ನರ್ಸಿಂಗ್ ಓದಿದ್ದರಾ? ಕೇಳಿದ್ದೀರಾ? ಜಿ.ಎನ್.ಎಂ. ಅಂದರೆ ಮೂರು ವರ್ಷದ ಓದು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಎ.ಎನ್.ಎಂ. ಎರಡು ವರ್ಷ. ಓದು ಮುಗಿಸಿದವರ ಹೆಸರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರುತ್ತದೆ, ಒಂದು ನಂಬರ್ ಇರುತ್ತದೆ. ‘ಸಿಸ್ಟರ್, ನಿಮ್ಮ ರಿಜಿಸ್ಟ್ರೇಶನ್ ಎಲ್ಲಿಯದು?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ನಿಜವಾದ ನರ್ಸ್‌ಗೆ ಬೇಜಾರಾಗುವುದಿಲ್ಲ, ಹೆಮ್ಮೆಯಿಂದ ಹೇಳುತ್ತಾಳೆ. ಬಿಳಿ ಕೋಟು ಹಾಕಿದ ಮಾತ್ರಕ್ಕೆ ನಂಬಬೇಡಿ. ಕೋಟು ಹೊಲಿಸಿಕೊಳ್ಳುವುದಕ್ಕೆ ಕೌನ್ಸಿಲ್ ಬೇಕಾಗಿಲ್ಲ.

ಈಗ ಇಡೀ ಮನೆಯ ಲೆಕ್ಕ ಮಾಡೋಣ. ಇದು ನನ್ನ ಅನುಭವದ ಲೆಕ್ಕ, ಹತ್ತು ನಿಮಿಷ ಹೆಚ್ಚುಕಡಿಮೆ ಇರಬಹುದು. ಪೂರ್ತಿ ಹಾಸಿಗೆ ಹಿಡಿದ ಒಬ್ಬರನ್ನು ತೆಗೆದುಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ದಿನಕ್ಕೆ 12 ಸಲ. ಒಬ್ಬರೇ ಎಳೆದರೆ ಚರ್ಮ ಸಿಪ್ಪೆ ಏಳುತ್ತದೆ, ಎಳೆದವರ ಸೊಂಟವೂ ಹೋಗುತ್ತದೆ. ಅದಕ್ಕೇ ಇಬ್ಬರು ಬೇಕು, ಐದೈದು ನಿಮಿಷ. ಇದೇ ಎರಡು ಗಂಟೆ ಆಯಿತು. ಮೂರು ಹೊತ್ತು ಊಟ ಉಣಿಸಲು ಒಂದೂವರೆ ಗಂಟೆ. ಮೈ ಒರೆಸುವುದು, ಬಾಯಿ ಸ್ವಚ್ಛ ಮಾಡುವುದು, ಡೈಪರ್, ಬಟ್ಟೆ, ಮಾತ್ರೆ, ನಡುವೆ ಎರಡು ಗುಟುಕು ನೀರು. ಎಲ್ಲ ಸೇರಿ ದಿನಕ್ಕೆ ಐದು ಗಂಟೆಗೆ ಬಂದು ನಿಲ್ಲುತ್ತದೆ. ನಿಮ್ಮ ಆಯಿಯಂತೆ ಹಿಡಿದು ನಡೆಸಬೇಕಾದವರಿಗೆ ಎರಡೂವರೆ ಗಂಟೆ. ತಾವೇ ಓಡಾಡಿಕೊಂಡು ಇರುವವರಿಗೂ ಒಂದು ಗಂಟೆ ಬೇಕು.

ಕುಮಟಾ ಕಡೆಯ 32 ಜನರಲ್ಲಿ ಹತ್ತು ಮಂದಿ ಮಲಗಿದವರು, 50 ಗಂಟೆ. ಹಿಡಿದು ನಡೆಸಬೇಕಾದವರು ಎಂಟು ಎಂದು ಇಟ್ಟುಕೊಳ್ಳಿ, 20 ಗಂಟೆ. ಉಳಿದ ಹದಿನಾಲ್ಕು ಜನಕ್ಕೆ 14. ಒಟ್ಟು 84 ಗಂಟೆ. ಇರುವ ಆರು ಜನ 12 ಗಂಟೆ ಡ್ಯೂಟಿ ಮಾಡಿದರೂ, ವಾರಕ್ಕೊಂದು ರಜೆ ಕಳೆದರೆ ದಿನಕ್ಕೆ ಸಿಗುವುದು ಸುಮಾರು 62 ಗಂಟೆ. 22 ಗಂಟೆ ಖೋತಾ.

ಈ 22 ಗಂಟೆ ಎಲ್ಲಿಂದ ಬರುತ್ತದೆ ಗೊತ್ತಾ? ಯಾರಿಗೂ ಕಾಣದ ಜಾಗದಿಂದ. ಊಟ ನಿಲ್ಲಿಸಲು ಆಗುವುದಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ. ಮಾತ್ರೆಯೂ ತಪ್ಪುವುದಿಲ್ಲ, ಡಬ್ಬಿಯಲ್ಲಿ ಉಳಿಯುತ್ತದಲ್ವಾ. ಬಿಟ್ಟುಹೋಗುವುದು ರಾತ್ರಿ ಎರಡೂವರೆಗೆ ಮಗ್ಗುಲು ಬದಲಾಯಿಸುವ ಕೆಲಸ. ಬಾಯಿ ತೊಳೆಸುವುದು. ನಾಲ್ಕು ಹೆಜ್ಜೆ ನಡೆಸುವುದು. ನಿಧಾನಕ್ಕೆ ಉಣಿಸುವುದು.

ಉಣಿಸುವುದರ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನಿಮ್ಮ ಆಯಿಗೆ ಇದೇ ಮುಖ್ಯ. ನಾನು ಹೋಗುತ್ತಿದ್ದ ಒಂದು ಮನೆಯಲ್ಲಿ ಲಕ್ವ ಹೊಡೆದ ಒಬ್ಬ ಅಮ್ಮ ಇದ್ದರು. ಗಟ್ಟಿ ಗಂಜಿ ಅರ್ಧ ಬಟ್ಟಲು, ಮೇಲೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಒಂದು ಹನಿ. ಒಂದು ಚಮಚ ಬಾಯಿಗೆ ಇಟ್ಟರೆ ಅದು ಎಡಗೆನ್ನೆಯಲ್ಲಿ ಕೂರುತ್ತಿತ್ತು. ಆಯಾ ಬೆರಳಿನಿಂದ ಗಂಟಲು ಮೆಲ್ಲಗೆ ಮುಟ್ಟಿ ‘ನುಂಗಿ ಅಮ್ಮಾ’ ಅನ್ನಬೇಕು, ಗಂಟಲಿನ ಮೂಳೆ ಮೇಲೆ ಹೋಗಿ ಇಳಿದದ್ದು ನೋಡಬೇಕು, ಆಮೇಲೆ ಮುಂದಿನ ಚಮಚ. ನಾನು ಗಡಿಯಾರ ಇಟ್ಟು ನೋಡಿದೆ. 35 ನಿಮಿಷ. ಅದೇ ಆಯಾಗೆ ಆ ಹೊತ್ತಿನಲ್ಲಿ ಉಣಿಸಲು ಆರು ಜನ ಇದ್ದರೆ? ಏಳು ನಿಮಿಷದಲ್ಲಿ ಮುಗಿಸುತ್ತಾಳೆ. ಗಂಜಿ ತೆಳ್ಳಗೆ ಮಾಡಿ ಲೋಟದಲ್ಲಿ ಹೊಯ್ಯುತ್ತಾಳೆ. ತೆಳ್ಳಗಿನದು ಬೇಗ ಇಳಿಯುತ್ತದೆ, ಆದರೆ ಶ್ವಾಸನಾಳಕ್ಕೂ ಬೇಗ ಇಳಿಯುತ್ತದೆ. ಹತ್ತು ದಿನ ಬಿಟ್ಟು ಜ್ವರ, ಕಫ, ನ್ಯುಮೋನಿಯಾ. ‘ವಯಸ್ಸಾಗಿತ್ತು, ಏನು ಮಾಡಲಾಗುತ್ತದೆ’ ಎಂದು ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಆಯಾ ಕೆಟ್ಟವಳಲ್ಲ. ಅವಳಿಗೆ ಇದ್ದದ್ದು ಏಳೇ ನಿಮಿಷ.

ನಿಮ್ಮ ಆಯಿಗೆ ನೀರು ಕುಡಿಯುವಾಗ ಕೆಮ್ಮು ಬರುತ್ತದೆ ಎಂದಿದ್ದೀರಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯಾವ ಮನೆಗೆ ಸೇರಿಸಿದರೂ ಅದಕ್ಕಿಂತ ಮೊದಲು ನುಂಗುವ ತೊಂದರೆಯನ್ನು ಡಾಕ್ಟರಿಗೆ ತೋರಿಸಿ. ಊಟ ಎಷ್ಟು ಗಟ್ಟಿ ಇರಬೇಕು, ನೀರನ್ನು ಹೇಗೆ ಕೊಡಬೇಕು ಎಂದು ಬರೆಸಿಕೊಳ್ಳಿ. ನೆಟ್ಟಗೆ ಕೂರಿಸಿಯೇ ಉಣಿಸಬೇಕು. ಉಂಡ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಆಯಿಗೆ ಕವಳದ, ಅಂದರೆ ಎಲೆ ಅಡಿಕೆಯ, ಅಭ್ಯಾಸ ಇದ್ದರೆ ಅದನ್ನೂ ಹೇಳಿಬಿಡಿ. ನುಂಗಲು ಬಾರದವರ ಬಾಯಲ್ಲಿ ಅಡಿಕೆ ಚೂರು ಅಪಾಯ. ಹೇಳದೇ ಇದ್ದರೆ ಪಕ್ಕದ ಮಂಚದ ಅಮ್ಮ ಪ್ರೀತಿಯಿಂದ ಒಂದು ಎಲೆ ಮಡಚಿ ಕೊಟ್ಟೇ ಕೊಡುತ್ತಾರೆ.

ಬೇರೆ ದೇಶಗಳಲ್ಲಿ ಈ ಗಂಟೆಗಳ ಲೆಕ್ಕವನ್ನು ಸರ್ಕಾರವೇ ಹಾಕುತ್ತದೆ. ಅಮೆರಿಕದಲ್ಲಿ 2001ರಲ್ಲೇ ಸರ್ಕಾರಕ್ಕಾಗಿ ಮಾಡಿದ ಅಧ್ಯಯನ ಒಬ್ಬರಿಗೆ ದಿನಕ್ಕೆ 4.1 ಗಂಟೆ ಆರೈಕೆ ಬೇಕು ಎಂದಿತ್ತು. 2024ರಲ್ಲಿ 3.48 ಗಂಟೆ ಎಂದು ನಿಯಮ ಮಾಡಿದರು. ಅದರಲ್ಲಿ 0.55 ಗಂಟೆ, ಅಂದರೆ 33 ನಿಮಿಷ, ನೋಂದಾಯಿತ ನರ್ಸ್‌ನದೇ ಇರಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಕೋರ್ಟು ಅದನ್ನು ರದ್ದು ಮಾಡಿತು. ನರ್ಸ್‌ಗಳು ಸಿಗುವುದಿಲ್ಲ, ಖರ್ಚು ತಡೆಯುವುದಿಲ್ಲ ಎಂಬುದು ಮಾಲೀಕರ ವಾದ. ಅಲ್ಲೂ ಇದೇ ಗೋಳು ನೋಡಿ. ಆಸ್ಟ್ರೇಲಿಯಾದವರು ಮಾತ್ರ ಗಟ್ಟಿಯಾಗಿ ನಿಂತರು. 2024ರ ಅಕ್ಟೋಬರ್‌ನಿಂದ ಅಲ್ಲಿ ಸರಾಸರಿ ಒಬ್ಬರಿಗೆ ದಿನಕ್ಕೆ 215 ನಿಮಿಷ, ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸ್‌ನದು. ನಮ್ಮ ಮನೆಗಳಲ್ಲಿ ಓಡಾಡುವ ಹಿರಿಯರೂ ಇರುತ್ತಾರೆ, ಹಾಗಾಗಿ ಅದೇ ಅಂಕಿ ಇಲ್ಲಿ ಬೇಕು ಎಂದು ನಾನು ಹಟ ಮಾಡುವುದಿಲ್ಲ. ಆದರೆ 62 ಗಂಟೆಯನ್ನು 32 ಜನಕ್ಕೆ ಹಂಚಿದರೆ ಒಬ್ಬರಿಗೆ ಎರಡು ಗಂಟೆಯೂ ಬರುವುದಿಲ್ಲ. ಅವರಲ್ಲಿ ಹತ್ತು ಮಂದಿ ಮಂಚದಿಂದ ಏಳಲಾರದವರು.

ನಮ್ಮಲ್ಲಿ ಏನಿದೆ? ಹಿರಿಯ ನಾಗರಿಕರ 2007ರ ಕಾಯ್ದೆ ಇದೆ. ಜಿಲ್ಲೆಗೊಂದು, ಕನಿಷ್ಠ 150 ಬಡ ಹಿರಿಯರಿಗಾಗುವ ವೃದ್ಧಾಶ್ರಮದ ಮಾತು ಅದರಲ್ಲಿದೆ. ಇಷ್ಟು ಜನಕ್ಕೆ ಇಷ್ಟು ನರ್ಸ್ ಎಂಬ ಸಂಖ್ಯೆ ಅದರಲ್ಲಿ ಇಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಮಂಡಿಸಿದರು. ಖಾಸಗಿ ವೃದ್ಧಾಶ್ರಮಗಳೂ ನೋಂದಣಿ ಆಗಬೇಕು, ಕನಿಷ್ಠ ಗುಣಮಟ್ಟ ಇರಬೇಕು ಎಂದೆಲ್ಲ ಅದರಲ್ಲಿತ್ತು. ಅದು ಕಾಯ್ದೆ ಆಗಲೇ ಇಲ್ಲ. ಹಾಗಾಗಿ ಇನ್‌ಸ್ಪೆಕ್ಟರ್ ಕೆಲಸ ಸದ್ಯಕ್ಕೆ ನಿಮ್ಮದೇ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ದೊಡ್ಡ ವಾರ್ಡ್, ರಾತ್ರಿ ಡ್ಯೂಟಿ. 40 ಜನ ರೋಗಿಗಳು, ನಾನೊಬ್ಬಳೇ ನರ್ಸ್, ಒಬ್ಬ ಆಯಾ. ಮೂಲೆಯ ಮಂಚದಲ್ಲಿ ಸೊಂಟದ ಮೂಳೆ ಮುರಿದ ಒಬ್ಬ ಅಜ್ಜ. ಅವತ್ತು ರಾತ್ರಿ ಎರಡು ಹೊಸ ಕೇಸ್ ಬಂತು, ಒಬ್ಬರಿಗೆ ರಕ್ತ ಕೊಡಬೇಕಿತ್ತು. ಬೆಳಿಗ್ಗೆ ಹ್ಯಾಂಡೋವರ್ ಕೊಡುವ ಮೊದಲು ನಾನು ಅಜ್ಜನ ಚಾರ್ಟ್ ತೆಗೆದು 12, 2, 4, 6 ಎಂದು ಬರೆದು ನಾಲ್ಕೂ ಕಡೆ ‘ಮಗ್ಗುಲು ಬದಲಿಸಿದೆ’ ಎಂದು ಸಹಿ ಹಾಕಿದೆ. ಬದಲಿಸಿದ್ದು ಒಂದೇ ಸಲ. ಮೂರನೇ ದಿನ ಅಜ್ಜನ ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಕಪ್ಪು ಕಲೆ ಬಂತು. ಅದು ವಾಸಿಯಾಗಲು ಎರಡು ತಿಂಗಳು ಬೇಕಾಯಿತು. ಯಾರೂ ನನ್ನನ್ನು ಬೈಯಲಿಲ್ಲ, ಚಾರ್ಟ್ ಸರಿಯಾಗಿತ್ತಲ್ಲ!

ಇದರಿಂದ ನಾನು ಕಲಿತದ್ದು ಚಾರ್ಟ್ ಓದುವ ವಿದ್ಯೆ. ನೀವೂ ಕಲಿಯಿರಿ. ಅವರನ್ನು ಕೇಳಿ, ‘ಮಗ್ಗುಲು ಬದಲಾಯಿಸಿದ ಚಾರ್ಟ್ ತೋರಿಸುತ್ತೀರಾ?’ ಎಂದು. ಇಡೀ ವಾರ ಒಂದೇ ಪೆನ್ನು, ಒಂದೇ ಕೈಬರಹ, ಸಮಯ ಎಲ್ಲ ಗಂಟೆ ಹೊಡೆದ ಹಾಗೆ 2, 4, 6, 8 ಎಂದಿದ್ದರೆ ಅದನ್ನು ಒಂದೇ ಕೂತಲ್ಲಿ ಬರೆದದ್ದು. ನಿಜವಾದ ಚಾರ್ಟ್ ಗಲೀಜಾಗಿರುತ್ತದೆ. 2.20 ಎಂದಿರುತ್ತದೆ, 4.45 ಎಂದಿರುತ್ತದೆ, ನಡುವೆ ‘ನಿದ್ದೆ, ಎಬ್ಬಿಸಿಲ್ಲ’ ಎಂದಿರುತ್ತದೆ, ಮೂಲೆಯಲ್ಲಿ ಚಹಾದ ಕಲೆ ಇರುತ್ತದೆ. ಗಲೀಜು ಚಾರ್ಟ್ ಇರುವ ಮನೆಯನ್ನು ನಾನು ನಂಬುತ್ತೇನೆ.

ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣಿನ ಬಗ್ಗೆ ಇನ್ನೊಂದು ಮಾತು. ಪುಸ್ತಕದಲ್ಲಿ ‘ಚರ್ಮ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿದರೆ ಬಿಳಿಚಿಕೊಳ್ಳುವುದಿಲ್ಲ’ ಎಂದಿರುತ್ತದೆ. ಅದು ಬಿಳಿ ಚರ್ಮಕ್ಕೆ ಬರೆದ ಪುಸ್ತಕ. ನಮ್ಮ ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ. ಸುತ್ತಲಿಗಿಂತ ಕಪ್ಪಾಗಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಕೈಯಿಟ್ಟರೆ ಬಿಸಿ ಇರುತ್ತದೆ, ಇಲ್ಲಾ ಗಟ್ಟಿಯಾಗಿರುತ್ತದೆ. ಬೆನ್ನಿನ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಈ ಮೂರು ಜಾಗ ನೋಡಿ. ಮಳೆಗಾಲದಲ್ಲಿ ಕರಾವಳಿಯಲ್ಲಿ ಇದು ಜಾಸ್ತಿ ಬೇಗ ಬರುತ್ತದೆ ಎಂಬುದು ನನ್ನ ಅನುಭವ. ಬಟ್ಟೆ ಒಣಗುವುದಿಲ್ಲ, ಹಾಸಿಗೆ ತಣ್ಣಗೆ ಒದ್ದೆ, ಬೆವರಿಗೆ ಚರ್ಮ ಮೆತ್ತಗಾಗಿರುತ್ತದೆ. ‘ಮಳೆಗಾಲದಲ್ಲಿ ಬೆಡ್‌ಶೀಟ್ ಎಲ್ಲಿ ಒಣಗಿಸುತ್ತೀರಿ?’ ಎಂದು ಕೇಳಿ. ಇದು ತಮಾಷೆಯ ಪ್ರಶ್ನೆ ಅಲ್ಲ.

ಇನ್ನು ಕರೆಂಟು. ಹುಣ್ಣು ಆಗದಂತೆ ಗಾಳಿ ತುಂಬಿದ ಹಾಸಿಗೆ, ಏರ್ ಬೆಡ್, ಇದೆ ಎಂದು ಕುಮಟಾ ಕಡೆಯವರು ತೋರಿಸಿರಬಹುದು. ಒಳ್ಳೆಯದೇ. ಆದರೆ ಅದು ಪಂಪ್ ಮೇಲೆ ನಡೆಯುವ ವಸ್ತು. ಜುಲೈ ತಿಂಗಳಲ್ಲಿ ಗಾಳಿಗೆ ಮರ ಬಿದ್ದು ಹೆಸ್ಕಾಂ ಲೈನ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಮನೆಯಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಸಂಜೆ ಆರಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಇತ್ತು, ಆದರೆ ಅದು ಲೈಟು, ಫ್ಯಾನು, ಸಿಸಿ ಕ್ಯಾಮೆರಾಕ್ಕೆ ಮಾತ್ರ. ಏರ್ ಬೆಡ್‌ನ ಪ್ಲಗ್ ಅದಕ್ಕೆ ಕೊಟ್ಟಿರಲಿಲ್ಲ. ಹಾಸಿಗೆ ಮೆಲ್ಲಗೆ ಗಾಳಿ ಬಿಡುತ್ತಾ ಹೋಯಿತು. ಮಲಗಿದ್ದ ಅಜ್ಜ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಮೇಲೆ, ಅದರಡಿಯ ಹಲಗೆ ಮೇಲೆ, ರಾತ್ರಿಯಿಡೀ ಇದ್ದ. 19 ಜನಕ್ಕೆ ರಾತ್ರಿ ಒಬ್ಬಳೇ ಆಯಾ. ಅವಳು ಎರಡು ಸಲ ಬಂದು ದೀಪ ಹಿಡಿದು ನೋಡಿದಳು, ಅಜ್ಜ ಮಲಗಿದ್ದ, ಹೋದಳು. ಹಾಸಿಗೆ ಮುಟ್ಟಿ ನೋಡಬೇಕು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕ್ಯಾಮೆರಾದಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು.

ಇದೇ ಕಾರಣಕ್ಕೆ ನನಗೆ ಸಿಸಿ ಕ್ಯಾಮೆರಾ ಮೇಲೆ ಅಷ್ಟು ಭರವಸೆ ಇಲ್ಲ. ಹೊಡೆದರೆ ಕಾಣುತ್ತದೆ, ನಿಜ. ಬಾಯಾರಿಕೆ ಕಾಣುವುದಿಲ್ಲ. ರಾತ್ರಿ ಒದ್ದೆ ಮಾಡಿಕೊಳ್ಳುತ್ತಾರೆ ಎಂದು ಸಂಜೆ ಐದರ ನಂತರ ನೀರು ಕಡಿಮೆ ಕೊಡುವ ಮನೆಗಳಿವೆ. ಅದರಿಂದ ಮೂತ್ರದ ಸೋಂಕು ಬರುತ್ತದೆ. ವಯಸ್ಸಾದವರಲ್ಲಿ ಎಷ್ಟೋ ಸಲ ಜ್ವರ ಇರುವುದಿಲ್ಲ, ಸುಮ್ನೆ ಗೊಂದಲ, ಕೂಗಾಟ ಶುರುವಾಗುತ್ತದೆ. ಆಗ ನಿದ್ದೆ ಮಾತ್ರೆ ಬರುತ್ತದೆ. ಮಾತ್ರೆಯಿಂದ ಮಂಪರು, ಮಂಪರಿನಿಂದ ಬೀಳುವುದು. ಇದೆಲ್ಲ ಒಂದರ ಹಿಂದೆ ಒಂದು ಬರುವುದು, ಮೂಲ ಹುಡುಕಿದರೆ ಸಂಜೆ ಐದು ಗಂಟೆಯ ಒಂದು ಲೋಟ ನೀರು. ಮರೆವಿನ ಕಾಯಿಲೆಯ ಹಿರಿಯರನ್ನು ಸುಮ್ಮನಿರಿಸಲು ಮನೋರೋಗದ ಮಾತ್ರೆ ಕೊಟ್ಟರೆ ಸಾವಿನ ಅಪಾಯ ಜಾಸ್ತಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಹಾಕಿತ್ತು. ‘ಎಷ್ಟು ಜನಕ್ಕೆ ರಾತ್ರಿ ನಿದ್ದೆ ಮಾತ್ರೆ ಕೊಡುತ್ತೀರಿ, ಬರೆದುಕೊಟ್ಟ ಡಾಕ್ಟರ್ ಯಾರು?’ ಎಂದು ಕೇಳಿ. ಉತ್ತರ ಕೊಡುವವರ ಮುಖ ನೋಡಿ.

ಶಿರಸಿ ಕಡೆಯ ಮನೆಯ ಲೆಕ್ಕಕ್ಕೆ ಬರೋಣ. 14 ಜನರಲ್ಲಿ ಮೂವರು ಮಲಗಿದವರು, 15 ಗಂಟೆ. ನಾಲ್ವರನ್ನು ಹಿಡಿದು ನಡೆಸಬೇಕು ಎಂದಿಟ್ಟುಕೊಳ್ಳಿ, 10. ಉಳಿದ ಏಳು ಜನಕ್ಕೆ 7. ಒಟ್ಟು 32 ಗಂಟೆ. ಐದು ಜನರಿಂದ ಸಿಗುವುದು 51 ಗಂಟೆ. ಅಡುಗೆಗೆ, ಬಟ್ಟೆ ಒಗೆಯಲು ಬೇರೆಯವರು ಇದ್ದಾರಾ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಈ 51ರಲ್ಲಿ ಹತ್ತು ಹದಿನೈದು ಗಂಟೆ ಅಲ್ಲೇ ಹೋಗುತ್ತದೆ. ಹೋದರೂ ಕೈಗಳ ಲೆಕ್ಕದಲ್ಲಿ ಈ ಮನೆಯೇ ಮುಂದೆ.

ಆದರೆ ಕೈ ಇದ್ದರೆ ಸಾಲದು, ಕಣ್ಣೂ ಬೇಕು. ನರ್ಸ್ ಇರುವುದು ಅದಕ್ಕೇ. ಒಂದು ಉದಾಹರಣೆ. ಆಯಿ ಒಂದು ದಿನ ಊಟ ಬೇಡ ಎನ್ನುತ್ತಾಳೆ. ಆಯಾ ಶುಗರ್ ಮಾತ್ರೆಯನ್ನು ಮಾತ್ರ ತಪ್ಪದೆ ಕೊಡುತ್ತಾಳೆ, ಯಾಕೆಂದರೆ ‘ಮಾತ್ರೆ ತಪ್ಪಿಸಬಾರದು’ ಎಂದು ಅವಳಿಗೆ ಹೇಳಿದ್ದಾರೆ. ಕೆಲವು ಶುಗರ್ ಮಾತ್ರೆಗಳು, ಗ್ಲಿಮೆಪಿರೈಡ್‌ನಂಥವು, ಹೊಟ್ಟೆ ಖಾಲಿ ಇದ್ದರೂ ಶುಗರ್ ಇಳಿಸುತ್ತಲೇ ಹೋಗುತ್ತವೆ. 70ಕ್ಕಿಂತ ಕೆಳಗೆ ಹೋದರೆ ಬೆವರು, ನಡುಕ, ಮಂಪರು. ಆಯಾಗೆ ಅದು ‘ಸುಸ್ತಾಗಿ ಮಲಗಿದ್ದಾರೆ’ ಎಂದು ಕಾಣುತ್ತದೆ. ನರ್ಸ್‌ಗೆ ಕೈ ಮುಟ್ಟಿದ ಕೂಡಲೇ ಅನುಮಾನ ಬರುತ್ತದೆ, ಮೆಷಿನ್ ತರುತ್ತಾಳೆ. ಇದು ರಾತ್ರಿ ಆದರೆ? ಶಿರಸಿಯ ಮನೆಯಲ್ಲಿ ರಾತ್ರಿ ನರ್ಸ್ ಇಲ್ಲ. ಆ ಮನೆಯ ದೊಡ್ಡ ಕೊರತೆ ಇದೇ, ಇದನ್ನು ಮುಚ್ಚಿಡುವುದಿಲ್ಲ.

ನಿಮ್ಮ ಆಯಿಗೆ ಇನ್ಸುಲಿನ್ ಇಲ್ಲ, ಮೂಗಿನಲ್ಲಿ ಪೈಪಿಲ್ಲ, ಯೂರಿನ್ ಪೈಪಿಲ್ಲ, ಆಕ್ಸಿಜನ್ ಇಲ್ಲ. ಇದರಲ್ಲಿ ಒಂದಿದ್ದರೂ ರಾತ್ರಿ ನರ್ಸ್ ಇಲ್ಲದ ಕಡೆ ಬಿಡಬೇಡಿ ಎನ್ನುತ್ತಿದ್ದೆ. ಈಗಿನ ಸ್ಥಿತಿಯಲ್ಲಿ ನಾನಾದರೆ ಶಿರಸಿ ಮನೆಯನ್ನೇ ಆರಿಸುತ್ತೇನೆ. ಆದರೆ ಶರತ್ತುಗಳಿವೆ. ಆ ನರ್ಸ್ ಅಥವಾ ಇನ್ನೊಬ್ಬ ನರ್ಸ್ ರಾತ್ರಿ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಬರುವಷ್ಟು ಹತ್ತಿರ ಇರಬೇಕು. ಊಟ ಬಿಟ್ಟ ಹೊತ್ತಿಗೆ ಯಾವ ಮಾತ್ರೆ ಕೊಡಬಾರದು ಎಂದು ಡಾಕ್ಟರ್ ಬರೆದ ಚೀಟಿ ಗೋಡೆ ಮೇಲೆ ಇರಬೇಕು. ಶುಗರ್ ನೋಡಲು ರಾತ್ರಿಯ ಆಯಾಗಳಿಗೆ ಬರಬೇಕು. ಅದು ಒಂದು ಮಧ್ಯಾಹ್ನದಲ್ಲಿ ಕಲಿಸುವ ಕೆಲಸ.

ದಾರಿಯ ವಿಷಯವೂ ಇದೆ. ಇನ್ನೊಂದು ಸ್ಟ್ರೋಕ್ ಆದರೆ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಸಮಯ ನಾಲ್ಕೂವರೆ ಗಂಟೆ. ಅದರೊಳಗೆ ಸ್ಕ್ಯಾನ್ ಕೂಡ ಆಗಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಕುಮಟಾದಿಂದ ಮಣಿಪಾಲ ಅದಕ್ಕಿಂತ ದೂರ. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜನ ಕೂಗಿ ಕೂಗಿ ಗಂಟಲು ಒಣಗಿದ್ದು ಸುಮ್ನೆ ಅಲ್ಲ. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತಲ್ಲ, ಅಂಥ ಹೊತ್ತಿನಲ್ಲಿ ನಿಲ್ಲುವುದು ಆಂಬುಲೆನ್ಸ್ ಒಂದೇ ಅಲ್ಲ. ಆ ಕಡೆಯಿಂದ ಡ್ಯೂಟಿಗೆ ಬರಬೇಕಾದ ನರ್ಸ್ ಕೂಡ ಬರಲಾಗುವುದಿಲ್ಲ. ಹಾಗಾಗಿ ಕೆಲಸದವರು ಎಲ್ಲಿಂದ ಬರುತ್ತಾರೆ ಎಂದು ಕೇಳಿ. ಎರಡು ಮೈಲಿ ಒಳಗೆ ಮನೆ ಇರುವವರು ಇಬ್ಬರಾದರೂ ಇರಲಿ.

ಊರಿನವರು ಇದ್ದರೆ ಇನ್ನೊಂದು ಲಾಭ ಇದೆ. ಮಾತು. ಒಂದು ಮನೆಯಲ್ಲಿ ಮರೆವಿನ ಕಾಯಿಲೆಯ ಒಬ್ಬ ಅಜ್ಜಿ ದಿನಾ ಸಂಜೆ ಕೂಗಾಡುತ್ತಿದ್ದರು. ಅಲ್ಲಿದ್ದ ಹುಡುಗಿ ದೂರದ ರಾಜ್ಯದವಳು, ಒಳ್ಳೆಯ ಹುಡುಗಿ, ಆದರೆ ಅವಳಿಗೆ ಏನೂ ಅರ್ಥ ಆಗುತ್ತಿರಲಿಲ್ಲ. ‘ಸಂಜೆ ಆದರೆ ಜಗಳ ಮಾಡುತ್ತಾರೆ’ ಎಂದು ಪುಸ್ತಕದಲ್ಲಿ ಬರೆದಿದ್ದಳು. ಒಂದು ದಿನ ಅಡುಗೆಯವಳು ಕಿವಿಗೊಟ್ಟು ಕೇಳಿದಳು. ಅಜ್ಜಿ ಕೇಳುತ್ತಿದ್ದದ್ದು ಇಷ್ಟೇ: ‘ಕೊಟ್ಗೆ ಬಾಗ್ಲು ಹಾಕಿದ್ಯನೇ?’ ಅಡುಗೆಯವಳು ‘ಹಾಕಿದ್ದಿ ಆಯಿ’ ಎಂದಳು. ಅಜ್ಜಿ ಸುಮ್ಮನಾದರು. ಮರುದಿನದಿಂದ ಆ ಹುಡುಗಿಯೂ ಅದೊಂದು ವಾಕ್ಯ ಕಲಿತಳು. ನಿಮ್ಮ ಆಯಿಗೆ ಮರೆವಿಲ್ಲ, ಆದರೆ ಮಾತು ತೊದಲುತ್ತದೆ. ತೊದಲು ಮಾತನ್ನು ಹಿಡಿಯಲು ಆ ಮಾತಿನ ಮನೆಯಲ್ಲೇ ಬೆಳೆದ ಕಿವಿ ಬೇಕು.

ಕೆಲಸದವರು ಎಷ್ಟು ಕಾಲದಿಂದ ಇದ್ದಾರೆ ಎಂದೂ ವಿಚಾರಿಸಿ. ನರ್ಸಿಂಗ್ ಓದಿದ ನಮ್ಮ ಹುಡುಗಿಯರು ಮಂಗಳೂರು, ಬೆಂಗಳೂರು, ಗೋವಾ, ಗಲ್ಫ್ ಎಂದು ಹೋಗುತ್ತಾರೆ. ಹೋಗಲೇಬೇಕು, ಇಲ್ಲಿ ಕೊಡುವ ಸಂಬಳಕ್ಕೆ ಯಾರು ನಿಲ್ಲುತ್ತಾರೆ? ವರ್ಷಕ್ಕಿಂತ ಹೆಚ್ಚು ಕಾಲ ನಿಂತವರು ಅರ್ಧ ಜನ ಇದ್ದರೆ ಆ ಮನೆಯ ಯಜಮಾನರು ಸಂಬಳವನ್ನು ಸರಿಯಾದ ದಿನ ಕೊಡುತ್ತಿದ್ದಾರೆ ಎಂದು ಅರ್ಥ. ರಾತ್ರಿ ಡ್ಯೂಟಿಯವರು ಹಗಲು ಮಲಗುವ ಕೋಣೆ ತೋರಿಸಿ ಎನ್ನಿ. ಕೋಣೆಯೇ ಇಲ್ಲದಿದ್ದರೆ ಅವರು ರಾತ್ರಿಯೇ ಮಲಗುತ್ತಾರೆ.

ನೋಡಲು ಹೋಗುವುದಾದರೆ ಹೇಳಿ ಹೋಗಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಊಟದ ಹೊತ್ತಿಗೆ ಹೋಗಿ, ಇಲ್ಲಾ ಭಾನುವಾರ ಸಂಜೆ. ಮಲಗಿದವರ ಪಕ್ಕದ ನೀರಿನ ಲೋಟ ಕೈಗೆ ಎಟುಕುತ್ತದಾ ನೋಡಿ. ಉಗುರು ನೋಡಿ, ನಾಲಿಗೆ ನೋಡಿ. ಕರೆಯುವ ಗಂಟೆಯನ್ನು ಒತ್ತಿ ನೋಡಿ, ಎಷ್ಟು ಹೊತ್ತಿಗೆ ಯಾರು ಬರುತ್ತಾರೆ ಎಂದು. ಲಕ್ವ ಹೊಡೆದ ಕೈಯ ಪಕ್ಕಕ್ಕೇ ಗಂಟೆ ಕಟ್ಟಿದ ಮನೆಗಳನ್ನು ನಾನು ನೋಡಿದ್ದೇನೆ. ನಿಮ್ಮ ಆಯಿಯ ಗಂಟೆ ಎಡಗಡೆಗೆ ಇರಬೇಕು. ಒಳಗೆ ಕಾಲಿಟ್ಟ ಕೂಡಲೇ ಫಿನಾಯಿಲ್ ವಾಸನೆ ಮೂಗಿಗೆ ಹೊಡೆದರೆ ನನಗೇನೋ ಅನುಮಾನ, ಇದು ನನ್ನ ಹಳೇ ಚಟ.

ಸೇರಿಸಿದ ದಿನವೇ ತೂಕ ಬರೆಸಿ. ಆಮೇಲೆ ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ. ತಿಂಗಳಲ್ಲಿ ನೂರಕ್ಕೆ ಐದು ಭಾಗ ಇಳಿದರೆ, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದರೆ, ಕೂಡಲೇ ಡಾಕ್ಟರಿಗೆ ತೋರಿಸಿ. ಉಣಿಸುವವರಿಗೆ ಸಮಯ ಸಿಗುತ್ತಿದೆಯಾ ಇಲ್ಲವಾ ಎಂಬುದನ್ನು ಈ ಒಂದು ಅಂಕಿ ಬೆಂಗಳೂರಿನಲ್ಲಿ ಕೂತ ನಿಮಗೆ ಹೇಳುತ್ತದೆ. ಏನಾದರೂ ಸರಿ ಕಾಣದಿದ್ದರೆ ಮೊದಲು ಅಲ್ಲಿನ ಯಜಮಾನರ ಹತ್ತಿರವೇ ಮಾತಾಡಿ. ಅದರಲ್ಲಿ ಆಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ಜಿಲ್ಲಾ ಮಟ್ಟದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಧಿಕಾರಿ ಇರುತ್ತಾರೆ, ಅವರಿಗೆ ಬರಹದಲ್ಲಿ ಕೊಡಿ.

ಕೊನೆಗೆ ಒಂದು ಪ್ರಶ್ನೆ ನನ್ನ ಕಡೆಯಿಂದ. ಇಷ್ಟು ಉದ್ದದ ಪತ್ರದಲ್ಲಿ ಆಯಿ ಏನು ಹೇಳಿದಳು ಎಂದು ಬರೆದೇ ಇಲ್ಲವಲ್ಲ? ಎಲ್ಲ ಅರ್ಥ ಆಗುತ್ತದೆ ಎಂದಿದ್ದೀರಿ. ಸೇರಿಸುವ ಮೊದಲು ಅವಳನ್ನು ಕರೆದುಕೊಂಡು ಹೋಗಿ ತೋರಿಸಿ. ಶಿರಸಿ ಮನೆಯವರನ್ನು ಕೇಳಿ, ತಿಂಗಳ ಹಣ ಕಟ್ಟುವ ಬದಲು ಒಂದು ವಾರ ಇಟ್ಟುಕೊಂಡು ನೋಡುತ್ತಾರಾ ಎಂದು. ನೀವೂ ಆ ವಾರ ರಜೆ ಹಾಕಿ ಊರಿನ ಮನೆಯಲ್ಲೇ ಇರಿ. ಮೂರನೇ ದಿನ ರಾತ್ರಿ ಹೋಗಿ, ಊಟದ ಹೊತ್ತಿಗೆ. ಆಯಿಗೆ ಉಣಿಸುವುದನ್ನು ಪಕ್ಕದಲ್ಲಿ ಕೂತು ನೋಡಿ. ಗಡಿಯಾರ ಇಟ್ಟುಕೊಳ್ಳಿ.